ಆಯ್ದಕ್ಕಿ ಲಕ್ಕಮ್ಮನ ಅಳತೆಗೋಲು



ಹೋದ ಶ್ರಾವಣದಲ್ಲಿ ದೋಣಿಮಲೈಯಲ್ಲಿ ನಾವು ಕೆಲವರು ಸೇರಿ ವಚನ ಚಿಂತನ ನಡೆಸಿದೆವು. ಪ್ರತಿ ಸೋಮವಾರ ಸಂಜೆ ಒಬ್ಬೊಬ್ಬರು ಒಂದೊಂದು ವಿಷಯ ಮಾತಾಡಬೇಕು. ನನ್ನ ಪಾಲಿಗೆ ಬಂದದ್ದು ಕಾಯಕ. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಇಂಜಿನಿಯರಾಗಿ ದುಡಿದವನು, ಈ ವಿಷಯ ಮಾತಾಡಲು ನನಗೇನು ಕಷ್ಟ ಎಂದುಕೊಂಡು ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಪ್ರಸಾದ ಮುಗಿದು ಎಲ್ಲರೂ ಹೊರಟ ಮೇಲೆ ಕಸ ಹೊಡೆಯಲು ಬಂದ ಹೆಣ್ಣುಮಗಳು ಪೊರಕೆ ಹಿಡಿದುಕೊಂಡೇ ಕೇಳಿದಳು: “ಸಾಹೇಬ್ರ, ಕಾಯಕ ಕಾಯಕ ಅಂದ್ರಲ್ಲ, ಅದು ಕೆಲಸ ಮಾಡೋರ್ದಾ, ಮಾಡ್ಸೋರ್ದಾ?”

ನನಗೆ ಉತ್ತರ ಹೊಳೆಯಲಿಲ್ಲ. “ಎಲ್ಲರದೂ ಅಮ್ಮಾ” ಎಂದು ತಪ್ಪಿಸಿಕೊಂಡೆ. “ಹೌದು ಬಿಡ್ರಿ” ಎಂದು ಆಕೆ ಕುರ್ಚಿ ಸರಿಸಲು ಹೋದಳು. ಆ “ಹೌದು ಬಿಡ್ರಿ” ಇವತ್ತಿಗೂ ಕಿವಿಯಲ್ಲಿದೆ. ಆಕೆ ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹುಡುಕುವ ಪ್ರಯತ್ನ ಈ ಬರಹ.

ಆಮೇಲೆ ಮಾತಾಡಿಸಿದಾಗ ತಿಳಿಯಿತು, ಆಕೆ ಹತ್ತು ಹನ್ನೆರಡು ವರ್ಷದವಳಿದ್ದಾಗ ತಾಯಿಯ ಜೊತೆ ಸಂಡೂರಿನ ಬೆಟ್ಟದ ಕಡೆ ಅದಿರು ಒಡೆಯಲು ಹೋಗುತ್ತಿದ್ದಳಂತೆ. ಈ ಸೀಮೆಯವರಿಗೆ ಆ ದಿನಗಳನ್ನು ಬಿಡಿಸಿ ಹೇಳಬೇಕಿಲ್ಲ. ದೋಣಿಮಲೈಯಲ್ಲಿ ಸಾರ್ವಜನಿಕ ವಲಯದ ಎನ್‌ಎಂಡಿಸಿ ಗಣಿ ಆರಂಭವಾದದ್ದು 1977ರಲ್ಲಿ. ಅದು ಯಂತ್ರದ ಗಣಿ. ಆದರೆ 2003ರ ಆಚೀಚೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸುತ್ತಲಿನ ಬೆಟ್ಟಗಳ ಕಥೆಯೇ ಬೇರೆಯಾಯಿತು. ಹೊಲ ಅಗೆದರೂ ದುಡ್ಡು ಎನ್ನುವ ಕಾಲ ಬಂತು. ಗಂಡ, ಹೆಂಡತಿ, ಮಕ್ಕಳು ಟಾರ್ಪಾಲಿನ ಗುಡಿಸಲಲ್ಲಿ ಇದ್ದುಕೊಂಡು, ಸುತ್ತಿಗೆಯಿಂದ ಕಲ್ಲು ಒಡೆದು, ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತು ಲಾರಿ ತುಂಬಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರು ಮಳೆ ಕೈಕೊಟ್ಟ ಹಳ್ಳಿಗಳ ದಲಿತರು, ಲಂಬಾಣಿ ತಾಂಡಾಗಳವರು, ತುಂಡು ಹೊಲದ ರೈತರು. ಕೂದಲು, ರೆಪ್ಪೆ, ಉಗುಳು ಎಲ್ಲವೂ ಕೆಂಪು.

ನಾನು ಆಗ ಇದೇ ಭಾಗದಲ್ಲಿ ರಸ್ತೆಯ ಕೆಲಸದಲ್ಲಿದ್ದೆ. ಹೊಸಪೇಟೆಯ ಕಡೆಗೆ ಹಗಲು ರಾತ್ರಿ ಸಾಲುಗಟ್ಟಿ ಅದಿರಿನ ಲಾರಿಗಳು. ಒಂದು ಲೆಕ್ಕ ಹೇಳುತ್ತೇನೆ. ಲಾರಿಯ ಅಚ್ಚಿನ ಮೇಲೆ ಬೀಳುವ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ರಸ್ತೆ ಇಂಜಿನಿಯರುಗಳಿಗೆಲ್ಲ ಗೊತ್ತಿರುವ ಸೂತ್ರ ಇದು. ಅಂದರೆ ಅಚ್ಚಿನ ಭಾರ ಎರಡು ಪಟ್ಟಾಗುವಂತೆ ಲಾರಿಗೆ ಹೇರಿದವನು ಉಳಿಸಿದ್ದು ಸಾಗಣೆಯ ಬಾಡಿಗೆ. ರಸ್ತೆ ತೆತ್ತದ್ದು ಹದಿನಾರು ಲಾರಿಯ ಸವೆತ. ಆ ಸವೆತವನ್ನು ತುಂಬಿದ್ದು ಎಲ್ಲರ ತೆರಿಗೆ, ಗುಂಡಿಗೆ ಬಿದ್ದ ಬೈಕ್ ಸವಾರನ ಮೂಳೆ.

ಅತಿಯಾದ ಭಾರದ ಗುಣವೇ ಹಾಗೆ. ಹೇರಿದವನಿಗೆ ಅದು ಸ್ವಲ್ಪ ಲಾಭ, ಕೆಳಗೆ ಇರುವವನಿಗೆ ಬಹುಪಟ್ಟು ನಾಶ. ಸಮಾಜದ ಅಸಮಾನತೆಯೂ ಇದೇ ಸೂತ್ರದ ಮೇಲೆ ನಡೆಯುತ್ತದೆ ಎಂಬುದು ನನಗೆ ಅರ್ಥವಾಗಲು ನಿವೃತ್ತಿಯಾಗಬೇಕಾಯಿತು.

ಮುಂದಿನದು ನಿಮಗೆ ಗೊತ್ತು. ಸಮಾಜ ಪರಿವರ್ತನಾ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿ ಕೊಟ್ಟರು. ಎರಡೇ ದಿನಕ್ಕೆ, ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನ್ಯಾಯಾಲಯ ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್‌ನಲ್ಲಿ ರದ್ದು ಮಾಡಲಾಯಿತು. ಎಷ್ಟು ಟನ್ ಹೋಯಿತು, ಗಡಿಕಲ್ಲು ಎಷ್ಟು ಸರಿಯಿತು, ಬೊಕ್ಕಸಕ್ಕೆ ಎಷ್ಟು ನಷ್ಟ, ಎಲ್ಲವನ್ನೂ ಅಳೆದರು. ಅಳೆಯಲೇಬೇಕಿತ್ತು. ಆದರೆ ಸುತ್ತಿಗೆ ಹಿಡಿದ ಕೈಗಳು ಎಷ್ಟು, ಗಣಿ ನಿಂತ ಮರುದಿನ ಆ ಕೈಗಳು ಎಲ್ಲಿಗೆ ಹೋದವು ಎಂಬುದು ನಮ್ಮ ಯಾರ ಮಾತಿನಲ್ಲೂ ಬರಲಿಲ್ಲ. ಆ ಹೆಣ್ಣುಮಗಳ ಅವ್ವ ಕೆಮ್ಮುತ್ತಾ ಊರಿಗೆ ವಾಪಸ್ ಹೋದಳಂತೆ, ಅಷ್ಟೆ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಥೆ ನಿಮಗೆಲ್ಲ ತಿಳಿದದ್ದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಗಂಡ ಮಾರಯ್ಯನ ಕಾಯಕ ಕೆಳಗೆ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆ. ಇನ್ನೊಬ್ಬಳಾಗಿದ್ದರೆ ನಾಳೆಗಾಯಿತು ಎಂದು ಮಡಕೆಯಲ್ಲಿ ಹಾಕಿಡುತ್ತಿದ್ದಳು. ಲಕ್ಕಮ್ಮ ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಈ ಕಥೆಯನ್ನು ನಾವು ಬಡವರ ತೃಪ್ತಿಯ ಕಥೆಯಾಗಿ ಹೇಳುತ್ತಾ ಬಂದಿದ್ದೇವೆ. ಇದ್ದುದರಲ್ಲಿ ಸುಖವಾಗಿರು ಎಂದು ಇಲ್ಲದವರಿಗೆ ಉಪದೇಶ ಮಾಡಲು ಬಳಸಿದ್ದೇವೆ. ನನಗೆ ಅದು ಹಾಗೆ ಕಾಣುವುದಿಲ್ಲ. ನನಗೆ ಕಾಣುವುದು ಒಂದು ಅಳತೆಗೋಲು. ಮನೆಗೆ ಬಂದದ್ದರಲ್ಲಿ ಹೆಚ್ಚಾದದ್ದು ಯಾರದು? ಅದು ಯಾರ ಪಾಲಿನಿಂದ ಬಂತು? ಈ ಎರಡು ಪ್ರಶ್ನೆ ಕೇಳದೆ ಅಕ್ಕಿಯನ್ನು ಒಲೆಯ ಮೇಲೆ ಇಡುವಂತಿಲ್ಲ. ದಾಸೋಹ ಆಮೇಲೆ, ಮೊದಲು ಅಳತೆ. ಲಕ್ಕಮ್ಮ ಅಳೆದದ್ದು ಬಡವರ ಹೊಟ್ಟೆಯನ್ನಲ್ಲ, ಹೆಚ್ಚುವರಿಯನ್ನು.

ಆದರೆ ಕಾಯಕ ಎಂಬ ಮಾತು ಈಗ ಎಲ್ಲಿ ಬಂದು ನಿಂತಿದೆ ನೋಡಿ. ದೊಡ್ಡ ಸಮಾರಂಭಗಳ ಆಹ್ವಾನ ಪತ್ರಿಕೆ ತೆಗೆಯಿರಿ. ಕಾಯಕಯೋಗಿ ಎಂಬ ಬಿರುದು ಯಾರ ಹೆಸರಿನ ಮುಂದಿದೆ? ದಾಸೋಹರತ್ನ ಯಾರು? ಗುತ್ತಿಗೆದಾರರು, ಉದ್ಯಮಿಗಳು, ರಾಜಕಾರಣಿಗಳು, ನಮ್ಮಂಥ ನಿವೃತ್ತ ಅಧಿಕಾರಿಗಳು. ಅವರಲ್ಲಿ ಪ್ರಾಮಾಣಿಕವಾಗಿ ದುಡಿದವರಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬ ಪೌರಕಾರ್ಮಿಕ, ಒಬ್ಬ ಗಣಿ ಕೂಲಿ, ಒಬ್ಬ ಅಡುಗೆಯಾಕೆ ಆ ವೇದಿಕೆ ಮೇಲೆ ಕುಳಿತದ್ದನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು. ಕಸ ಹೊಡೆಯುವ ಹೆಣ್ಣುಮಗಳಿಗೆ ಸಂಶಯ ಬಂದದ್ದು ಸುಮ್ಮನೆ ಅಲ್ಲ. ಆಕೆ ನಮ್ಮ ವೇದಿಕೆಯನ್ನು ನೋಡಿಯೇ ಪ್ರಶ್ನೆ ಕೇಳಿದ್ದು.

ಸಮಾಜದಲ್ಲಿ ಹೀಗಿದ್ದರೆ ಸಾಹಿತ್ಯದಲ್ಲಿ ಹೇಗಿದೆ?

1973ರ ನವೆಂಬರ್. ನಾನಾಗ ಶಾಲಾ ಬಾಲಕ. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದರು. ರಾಜ್ಯದಲ್ಲಿ ವಿದ್ಯಾರ್ಥಿಗಳ ಗಲಾಟೆ ಎದ್ದಿತು. ನಮ್ಮ ಊರಿಗೂ ಆ ಗಾಳಿ ಬೀಸಿತು. ಶಾಲೆಗೆ ರಜೆ ಸಿಕ್ಕಿತೆಂಬ ಖುಷಿಯಲ್ಲಿ ನಾನೂ ಮೆರವಣಿಗೆಯಲ್ಲಿ ಧಿಕ್ಕಾರ ಕೂಗಿದೆ. ಬಸವಲಿಂಗಪ್ಪ ಯಾರು, ಏನು ಹೇಳಿದರು, ಯಾಕೆ ಹೇಳಿದರು, ಒಂದೂ ಗೊತ್ತಿರಲಿಲ್ಲ. ನಮ್ಮ ತರಗತಿಯಲ್ಲಿ ಕೇರಿಯಿಂದ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ಮೆರವಣಿಗೆಗೆ ಬಾರದೆ ಶಾಲೆಯ ಗೋಡೆಗೆ ಒರಗಿ ನಿಂತಿದ್ದ. ನಮ್ಮನ್ನು ನೋಡುತ್ತಿದ್ದ, ಏನೂ ಅನ್ನಲಿಲ್ಲ. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ಮಾಡಿದ ಸಚಿವರು ಅವರೇ ಎಂದು ನನಗೆ ತಿಳಿದದ್ದು ಇಂಜಿನಿಯರಿಂಗ್ ಮುಗಿಸಿದ ಮೇಲೆ. ಆ ಗಲಾಟೆಯ ಬೆನ್ನಿಗೇ ಕರ್ನಾಟಕದ ದಲಿತ ಚಳವಳಿ ಗಟ್ಟಿಯಾಯಿತು, 1979ರ ಹೊತ್ತಿಗೆ ಬಂಡಾಯ ಸಾಹಿತ್ಯ ಸಂಘಟನೆಯೂ ಬಂತು.

ಆ ಮಾತಿಗೆ ನಾವು ಸಿಟ್ಟಾದೆವು, ಅದನ್ನು ತೂಗಿ ನೋಡಲಿಲ್ಲ. ಈಗ ತೂಗೋಣ. ಕನ್ನಡ ಕಾವ್ಯದಲ್ಲಿ ಅನ್ಯಾಯ ಕೇಳುವ ದನಿ ಇರಲಿಲ್ಲವೇ? ಇತ್ತು, ಇಲ್ಲೇ ಪಕ್ಕದ ಹಂಪಿಯಲ್ಲೇ ಇತ್ತು. ಹರಿಹರನ ಸೋದರಳಿಯ ರಾಘವಾಂಕ ವಿರೂಪಾಕ್ಷನ ಸನ್ನಿಧಿಯ ಕವಿ. ಆತನ ಹರಿಶ್ಚಂದ್ರಕಾವ್ಯದಲ್ಲಿ ಇಬ್ಬರು ಹೊಲತಿಯರು ರಾಜನ ಮುಂದೆ ಹಾಡುತ್ತಾರೆ. ರಾಜ ಮೆಚ್ಚುತ್ತಾನೆ. ಮದುವೆಯಾಗು ಎಂದರೆ ಕುಲದ ಮಾತು ತೆಗೆಯುತ್ತಾನೆ. ಆಗ ಅವರು ವಾದಕ್ಕೆ ನಿಲ್ಲುತ್ತಾರೆ. ನಮ್ಮ ಹಾಡು ಕೇಳಿದ ನಿನ್ನ ಕಿವಿಗೆ ಮೈಲಿಗೆ ಇಲ್ಲ, ನಮ್ಮ ರೂಪ ನೋಡಿದ ಕಣ್ಣಿಗೆ ಮೈಲಿಗೆ ಇಲ್ಲ, ಮುಟ್ಟಿದರೆ ಮಾತ್ರ ಹೇಗೆ ಬಂತು ಎಂಬುದು ಅವರ ವಾದದ ತಿರುಳು. ರಾಜನ ಬಳಿ ಉತ್ತರವಿಲ್ಲ. ಆತನ ಉತ್ತರ ಹೊಡೆತ. ಇಂಥ ಪ್ರಸಂಗ ಬರೆದ ಕವಿಯೂ ಆ ಹೆಣ್ಣುಮಕ್ಕಳಿಗೆ ಹೆಸರು ಕೊಡಲಿಲ್ಲ. ಕಥೆಯಲ್ಲಿ ಅವರು ವಿಶ್ವಾಮಿತ್ರ ಹೂಡಿದ ಪರೀಕ್ಷೆಯ ಸಾಧನ. ಪ್ರಶ್ನೆ ಉಳಿಯಿತು, ಕೇಳಿದವರು ಮರೆಯಾದರು.

ಕಾವ್ಯದ ಮಾತು ಬಿಡಿ, ನಮ್ಮ ವಚನ ಸಾಹಿತ್ಯಕ್ಕೆ ಬರೋಣ. ಅದು ಕಾಯಕಜೀವಿಗಳು ತಾವೇ ಮಾತಾಡಿದ ಸಾಹಿತ್ಯ. ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹುಲ್ಲಿನ ಹಗ್ಗ ಹೊಸೆಯುವವರು ತಮ್ಮ ಹೆಸರಿನಲ್ಲೇ, ತಮ್ಮ ಅಂಕಿತದಲ್ಲೇ ನುಡಿದರು. ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಆತ ಹಿಡಿಯುತ್ತಿದ್ದ ಉಳಿ ಕತ್ತಿಗಳೇ ಇವೆ. ಜಗತ್ತಿನ ಸಾಹಿತ್ಯದಲ್ಲಿ 12ನೇ ಶತಮಾನದಲ್ಲಿ ಇಂಥದ್ದು ಬಹಳ ಅಪರೂಪ. ನಮ್ಮ ಹೆಮ್ಮೆ ಸರಿಯೇ.

ಆದರೆ ನಾನು ಅಳತೆ ಪುಸ್ತಕ ಬರೆದ ಮನುಷ್ಯ, ಲೆಕ್ಕ ನೋಡದೆ ಇರಲಾರೆ. ರಾಜ್ಯ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳ ಪ್ರಧಾನ ಸಂಪಾದಕರು, ಮುಂದೆ ನಮ್ಮ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯೂ ಆದ ಎಂ.ಎಂ. ಕಲಬುರ್ಗಿಯವರು. ಅವುಗಳಲ್ಲಿ ಬಸವಣ್ಣನವರ ವಚನ 1,400ಕ್ಕೂ ಹೆಚ್ಚು, ಚೆನ್ನಬಸವಣ್ಣನವರದು 1,700ಕ್ಕೂ ಹೆಚ್ಚು. ಆಯ್ದಕ್ಕಿ ಲಕ್ಕಮ್ಮನವು 25. ಮಾದಾರ ಚೆನ್ನಯ್ಯನವು 10. ಡೋಹರ ಕಕ್ಕಯ್ಯನವು 6. ಸೂಳೆ ಸಂಕವ್ವೆಯದು 1.

ಒಂದೇ ಒಂದು. ಆಕೆ ತನ್ನ ಬದುಕಿನಲ್ಲಿ ಒಂದೇ ವಚನ ಹೇಳಿದಳೇ? ನನಗೆ ನಂಬಿಕೆ ಬರುವುದಿಲ್ಲ. ಕಲ್ಯಾಣದ ಗಲಭೆಯಲ್ಲಿ ಶರಣರು ಚದುರಿದ ಮೇಲೆ ವಚನಗಳು ಉಳಿದದ್ದು ತಾಳೆಗರಿಯಲ್ಲಿ. ಅವನ್ನು ಹುಡುಕಿ ಜೋಡಿಸುವ ದೊಡ್ಡ ಕೆಲಸ ನಡೆದದ್ದು ನಮ್ಮ ವಿಜಯನಗರದಲ್ಲಿ, 15ನೇ ಶತಮಾನದ ಪ್ರೌಢದೇವರಾಯನ ಕಾಲದಲ್ಲಿ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯ, ನೂರೊಂದು ವಿರಕ್ತರು ಮಾಡಿದ ಉಪಕಾರ ಮರೆಯುವಂಥದ್ದಲ್ಲ. ಮತ್ತೆ 20ನೇ ಶತಮಾನದಲ್ಲಿ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿದರು, 1923ರಲ್ಲಿ ವಚನಶಾಸ್ತ್ರಸಾರ ತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಆದರೆ ತಾಳೆಗರಿ ಇರುವುದು ಯಾರ ಮನೆಯ ಜಗಲಿಯಲ್ಲಿ? ಬರೆಯಿಸುವ ಶಕ್ತಿ ಇದ್ದವರ ಮನೆಯಲ್ಲಿ, ಮಠದಲ್ಲಿ, ಮಳೆಗೆ ಸೋರದ ಮಾಡಿನ ಕೆಳಗೆ. ಕಕ್ಕಯ್ಯನ ಕೇರಿಗೆ ಅಂಥ ಮಾಡು ಇತ್ತೇ? ನುಡಿಯುವಾಗ ಸಮಾನರಾಗಿದ್ದವರು ಉಳಿಯುವಾಗ ಸಮಾನರಾಗಲಿಲ್ಲ. ಸಾಹಿತ್ಯದ ಅಸಮಾನತೆ ಬರೆದದ್ದರಲ್ಲಿ ಮಾತ್ರ ಇರುವುದಿಲ್ಲ, ಉಳಿಸಿಕೊಂಡದ್ದರಲ್ಲೂ ಇರುತ್ತದೆ.

ಹೊರಗಿನವರತ್ತ ಬೆರಳು ತೋರಿಸಿದ ಮೇಲೆ ನನ್ನ ಮನೆಯ ಮಾತನ್ನೂ ಹೇಳಬೇಕು. ಸಂಡೂರಿನ ಅರಸರು 1932ರಲ್ಲೇ ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಅದಾಗಿ ಐವತ್ತು ವರ್ಷಗಳ ನಂತರವೂ ನಮ್ಮ ಹಿತ್ತಲಿನ ಗೋಡೆಯ ಗೂಡಿನಲ್ಲಿ ಒಂದು ಜರ್ಮನ್ ಲೋಟ ಬೇರೆಯೇ ಇರುತ್ತಿತ್ತು. ಹೊಲದ ಕೆಲಸದವರಿಗೆ ಚಹಾ ಕೊಡುವ ಲೋಟ. ಕುಡಿದವರೇ ತೊಳೆದು ಗೂಡಿನಲ್ಲಿ ಇಡಬೇಕು. ನನ್ನ ತಾಯಿ ದಿನಾ ಇಷ್ಟಲಿಂಗ ಪೂಜೆ ಮಾಡುವವರು, ಯಾರಿಗೂ ಕೆಟ್ಟದ್ದು ಬಯಸದವರು. ಡಿಗ್ರಿ ಮಾಡಿ ಬಂದ ನಾನೂ ಆ ಲೋಟವನ್ನು ನೋಡಿ ಸುಮ್ಮನಿದ್ದೆ.

ಸರ್ಕಾರಿ ನೌಕರಿ ಸೇರಿದ ಮೇಲಾದರೂ ಬದಲಾದೆನೇ? ಗಂಡಾಳು ಹೆಣ್ಣಾಳಿಗೆ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಬೇಕೆಂದು 1976ರಲ್ಲೇ ಕಾನೂನು ಬಂದಿತ್ತು. ಮಸ್ಟರ್ ರೋಲಿನಲ್ಲಿ ಸಮ ಇರುತ್ತಿತ್ತು. ಸಂಜೆ ಕೈಗೆ ಬೀಳುವಾಗ ಹೆಣ್ಣಾಳಿಗೆ ಕಡಿಮೆ. ಗೊತ್ತಿದ್ದೂ ಸಹಿ ಹಾಕಿದ್ದೇನೆ. ಲಂಚ ಮುಟ್ಟಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲೆ, ಆದರೆ ಆ ಸಹಿಗಳ ಭಾರ ಇದೆ. ನಾನು ಕಟ್ಟಿಸಿದ ಒಂದು ಸೇತುವೆಯ ಕಲ್ಲಿನ ಮೇಲೆ ಮಂತ್ರಿಯ ಹೆಸರಿದೆ, ಶಾಸಕರ ಹೆಸರಿದೆ, ನನ್ನದೂ ಇದೆ. ಕಾಂಕ್ರೀಟ್ ಹೊತ್ತವರ ಹೆಸರು ಒಂದೂ ಇಲ್ಲ. ಹರಿಶ್ಚಂದ್ರಕಾವ್ಯದ ಆ ಇಬ್ಬರು ಹೆಣ್ಣುಮಕ್ಕಳ ಹಾಗೆ.

ಇದಕ್ಕೆ ಬರುವ ಉತ್ತರಗಳನ್ನು ನಾನು ಬಲ್ಲೆ. ಗಣಿ ಇಲ್ಲದಿದ್ದರೆ ಈ ಭಾಗಕ್ಕೆ ಕೆಲಸ ಎಲ್ಲಿತ್ತು, ನಿಮ್ಮ ಸೇತುವೆಗೆ ಕಬ್ಬಿಣ ಎಲ್ಲಿಂದ ಬಂತು ಎನ್ನುತ್ತಾರೆ. ಮಾತು ನ್ಯಾಯವೇ. ನಾನು ಗಣಿಯ ವಿರೋಧಿಯಲ್ಲ. ನನ್ನ ಮಗನ ಅನ್ನವೂ ಈ ಬೆಟ್ಟದಿಂದಲೇ ಬರುತ್ತದೆ. ಲಕ್ಕಮ್ಮನೂ ಅಕ್ಕಿ ಬೇಡ ಎನ್ನಲಿಲ್ಲ, ಹೆಚ್ಚಾದದ್ದು ಬೇಡ ಎಂದಳು. ದಾನಿಗಳ ಹಣದಿಂದಲೇ ಮಠದ ಶಾಲೆ, ಪ್ರಸಾದ ನಿಲಯ ನಡೆಯುವುದು, ಮೂಲ ಕೆದಕಿದರೆ ಬಡ ಮಕ್ಕಳಿಗೇ ನಷ್ಟ ಎನ್ನುವವರೂ ಇದ್ದಾರೆ. ಪ್ರಸಾದ ನಿಲಯದಲ್ಲಿ ಉಂಡು ಓದಿದವನಾದ್ದರಿಂದ ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಕೂಲಿಯಲ್ಲಿ ಕಿತ್ತುಕೊಂಡದ್ದನ್ನು ಅನ್ನವಾಗಿ ಹಿಂದಿರುಗಿಸಿದರೆ ಅದು ಸಾಲ ತೀರಿಸಿದ್ದು, ಅದೂ ಅರ್ಧಂಬರ್ಧ. ದಾಸೋಹ ಎಂಬ ದೊಡ್ಡ ಹೆಸರು ಅದಕ್ಕೆ ಸಲ್ಲದು.

ಹಾಗಾದರೆ ಏನು ಮಾಡೋಣ? ಮಠಗಳ ಪೂಜ್ಯರಲ್ಲಿ, ಬಸವಪರ ಸಂಘಟನೆಗಳ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು.

ಬಸವ ಜಯಂತಿಯ ವೇದಿಕೆಯಲ್ಲಿ ಅರ್ಧ ಕುರ್ಚಿಗಳನ್ನು ಕೈಕೆಸರು ಮಾಡಿಕೊಂಡು ದುಡಿಯುವವರಿಗೆ ಕೊಡಿ. ಸನ್ಮಾನ ಮಾಡಿ ಕಳಿಸುವುದಕ್ಕಲ್ಲ, ಅವರು ಮಾತಾಡುವುದಕ್ಕೆ.

ದೊಡ್ಡ ಕಾಣಿಕೆ ಬಂದಾಗ ಒಂದೇ ಪ್ರಶ್ನೆ ಕೇಳುವ ಪದ್ಧತಿ ಇಡಿ: ನಿಮ್ಮಲ್ಲಿ ದುಡಿಯುವವರಿಗೆ ಕಾನೂನು ಹೇಳಿದಷ್ಟು ಕೂಲಿ, ಪಿಎಫ್ ಸಂದಿದೆಯೇ? ಮಠದ ಸಂಸ್ಥೆಗಳ ಅಡುಗೆಯವರಿಗೆ, ಕಾವಲುಗಾರರಿಗೆ ಸಂದಿದೆಯೇ ಎಂಬುದನ್ನು ಅದಕ್ಕೂ ಮೊದಲು ನೋಡಿಕೊಳ್ಳಿ.

ನಮ್ಮ ಮಕ್ಕಳಿಗೆ ವಚನ ಕಂಠಪಾಠ ಮಾಡಿಸುವಾಗ ಸಂಕವ್ವೆಯ ಆ ಒಂದನ್ನು, ಕಕ್ಕಯ್ಯನ ಆರನ್ನು, ಚೆನ್ನಯ್ಯನ ಹತ್ತನ್ನು ಮೊದಲು ಕಲಿಸಿ. ಕಡಿಮೆ ಉಳಿದದ್ದು ಮೊದಲು ಬಾಯಿಗೆ ಬರಲಿ. ಹಾಗೆಯೇ ಈ ಬೆಟ್ಟಗಳಲ್ಲಿ ಅದಿರು ಒಡೆದವರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವನ್ನು ಒಂದು ಮಠವಾದರೂ ಕೈಗೆತ್ತಿಕೊಳ್ಳಲಿ. ಇಲ್ಲವಾದರೆ ಅವರೂ ಸಂಕವ್ವೆಯಷ್ಟೇ ಉಳಿಯುತ್ತಾರೆ, ಬಹುಶಃ ಅಷ್ಟೂ ಉಳಿಯುವುದಿಲ್ಲ.

ಕೊನೆಯದು, ಇಂಜಿನಿಯರನ ಮಾತು. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಹಳೆಯ ಗಣಿ ಗುತ್ತಿಗೆಗಳು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವು ಶೇ 10ರಷ್ಟನ್ನು ಗಣಿಬಾಧಿತರಿಗಾಗಿ ಕಟ್ಟಬೇಕು. ಲಕ್ಕಮ್ಮನ ತತ್ವದ ಒಂದು ಚೂರು ಹೀಗೆ ಕಾನೂನಾಗಿದೆ. ಆ ಹಣ ಕಮಾನಿಗೆ ಹೋಯಿತೋ, ಕೆಮ್ಮುವವರ ಔಷಧಿಗೆ ಹೋಯಿತೋ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ನಮ್ಮ ಕೆಲಸ. ಅಂದಾಜು ಪಟ್ಟಿ ಓದಲು ಬರುವ ನನ್ನಂಥ ನಿವೃತ್ತರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಮಗೆ ಪಿಂಚಣಿ ಬರುತ್ತಿದೆ, ಹೆದರಿಕೆ ಯಾಕೆ?

ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳಲ್ಲಿ ಭಾವಚಿತ್ರ ಬಂತು. ಸಂತೋಷ. ಆದರೆ ಬಸವಣ್ಣನವರು ತಮ್ಮನ್ನು ಗುರುತಿಸಿಕೊಂಡದ್ದು ಅರಮನೆಯವರ ಜೊತೆ ಅಲ್ಲ, ಚೆನ್ನಯ್ಯ ಕಕ್ಕಯ್ಯರ ಜೊತೆ. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಗೋಡೆಯ ಮೇಲಿನ ಚಿತ್ರದ ಕೆಳಗೆ ಕುಳಿತ ನಾವು ಯಾರ ಜೊತೆ ಗುರುತಿಸಿಕೊಳ್ಳುತ್ತೇವೆ?

ಆ ಹೆಣ್ಣುಮಗಳನ್ನು ಮತ್ತೆ ಕಂಡೆ. ಕಾಯಕ ಮಾಡುವವರದೇ ಅಮ್ಮಾ, ನಾನು ಅಂದು ತಪ್ಪು ಹೇಳಿದೆ ಎಂದೆ. ಬರುವ ಅಮಾವಾಸ್ಯೆಯ ಚಿಂತನದಲ್ಲಿ ನೀನೇ ಮಾತಾಡಬೇಕು, ಅದಿರು ಒಡೆದ ದಿನಗಳ ಬಗ್ಗೆ ಎಂದು ಕರೆದೆ. ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ, “ಬರ್ತೀನಿ ಸಾಹೇಬ್ರ. ಆದ್ರ ಅವತ್ತು ಕಸ ಯಾರು ಹೊಡೀತಾರ, ಅದನ್ನ ಮೊದ್ಲು ಹೇಳ್ರಿ” ಎಂದಳು.

ನಾನೇ ಹೊಡೆಯುತ್ತೇನೆ ಎಂದೆ. ನಕ್ಕಳು, ನಂಬಿದಂತೆ ಕಾಣಲಿಲ್ಲ. ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇದೆ.